ಜಪಾನಿ ಬಿಎ: ಕನ್ನಡದ ದಾರಿಯಲ್ಲಿ ಓದಿದ ನನ್ನ ಅನುಭವ

ಜಪಾನಿ ಕಲಿಯಲು ಡಿಗ್ರಿಯೇ ಮಾಡಬೇಕಾ ಅಂತ ಪಿಯುಸಿ ಮುಗಿಸಿದ ಮಕ್ಕಳು ಕೇಳುತ್ತಿರುತ್ತಾರೆ. ಅವರಿಗಿಂತ ಜಾಸ್ತಿ ಅವರ ಅಪ್ಪ-ಅಮ್ಮ ಕೇಳುತ್ತಾರೆ. ಬರೀ ಕೆಲಸಕ್ಕಾದರೆ ಬೇಕಿಲ್ಲ. ಬೆಂಗಳೂರಿನಲ್ಲಿ ಸಂಜೆ ಕ್ಲಾಸುಗಳಿವೆ, ಶನಿವಾರ-ಭಾನುವಾರದ ಕ್ಲಾಸುಗಳಿವೆ. ಮನಸ್ಸಿಟ್ಟು ಕೂತರೆ ಅಲ್ಲೇ ಸಾಕಷ್ಟು ಬರುತ್ತದೆ. ನಾನು ಮಾತ್ರ ತಿಪಟೂರಿನಲ್ಲಿ ಕಾಮರ್ಸ್ ಪಿಯುಸಿ ಮುಗಿಸಿ, ದೆಹಲಿಯ ಜೆಎನ್‌ಯುನಲ್ಲಿ ಮೂರು ವರ್ಷದ ಜಪಾನಿ ಬಿಎ ಆನರ್ಸ್ ಮಾಡಿದೆ. ಈಗ ಬೆಂಗಳೂರಿನ ಹತ್ತಿರ ಯಂತ್ರದ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಅನುವಾದಕ. ಮೀಟಿಂಗ್ ಇದ್ದ ದಿನ ದುಭಾಷಿ.

ಸೇರುವ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ನಮ್ಮ ಕಾಲದಲ್ಲಿ ವಿಶ್ವವಿದ್ಯಾಲಯದ್ದೇ ಪ್ರವೇಶ ಪರೀಕ್ಷೆ ಇತ್ತು, 2022ರಿಂದ ಹಲವು ವಿಶ್ವವಿದ್ಯಾಲಯಗಳಿಗೆ ಒಂದೇ ಆದ ಸಿಯುಇಟಿ ಪರೀಕ್ಷೆ ಬಂದಿದೆ. ಪಿಯುಸಿಯಲ್ಲಿ ಯಾವ ವಿಷಯ ಓದಿದ್ದರೂ ನಡೆಯುತ್ತದೆ, ಜಪಾನಿಯ ಒಂದಕ್ಷರವೂ ಬರಬೇಕಿಲ್ಲ. ಓದಿನ ಫೀಸು ವರ್ಷಕ್ಕೆ ಕೆಲವು ನೂರು ರೂಪಾಯಿ ಅಷ್ಟೇ, ಖರ್ಚೆಲ್ಲ ಮೆಸ್ಸಿಗೆ ಮತ್ತು ರೈಲಿಗೆ. ಅಲ್ಲಿನ ಹಾಸ್ಟೆಲುಗಳಿಗೆ ನದಿಗಳ ಹೆಸರು. ಕಾವೇರಿಯೂ ಇತ್ತು. ಎಂದಿನಂತೆ ಅದು ನಮಗೆ ಸಿಗಲಿಲ್ಲ.

ಕ್ಲಾಸಿನಲ್ಲಿ ಪಾಠ ಇಂಗ್ಲಿಷಿನಲ್ಲಿ, ನಗು-ಹರಟೆ ಹಿಂದಿಯಲ್ಲಿ. ಮೊದಲ ಕೆಲವು ವಾರ ನಾನೂ ಎಲ್ಲರಂತೆ ಇಂಗ್ಲಿಷಿನಲ್ಲೇ ನೋಟ್ಸ್ ಬರೆದೆ. ವಾಕ್ಯ ಸ್ವಲ್ಪ ಉದ್ದವಾದರೆ ಸಾಕು, ಇಂಗ್ಲಿಷ್ ಅರ್ಥ ಹಿಂದಿನಿಂದ ಮುಂದಕ್ಕೆ ಓಡುತ್ತಿತ್ತು, ತಲೆ ಗಿರ್ ಅನ್ನುತ್ತಿತ್ತು. ಆಮೇಲೆ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಜಪಾನಿ, ಅದರ ಕೆಳಗೆ ಒಂದು ಸಾಲು ಕನ್ನಡ ಅಂತ ಬರೆಯಲು ಶುರುಮಾಡಿದೆ. ಈ ವಾಕ್ಯ ನೋಡಿ:

ಕಿನೋ ಚಿಚಿ ಗ ಕತ್ತೆ ಕಿತ ಮಂಗೋ ಒ ತಬೆತೆ ಮಿತ.
ನಿನ್ನೆ ಅಪ್ಪ ಕೊಂಡು ಬಂದ ಮಾವನ್ನು ತಿಂದು ನೋಡಿದೆ.

ಒಂದೇ ಒಂದು ಪದ ಜಾಗ ಬಿಟ್ಟು ಕದಲಿಲ್ಲ. 'ಕತ್ತೆ' ಅಂದರೆ ಕೊಂಡು, 'ಕಿತ' ಅಂದರೆ ಬಂದ. 'ಒ' ನಮ್ಮ 'ಅನ್ನು'. 'ತಬೆತೆ' ತಿಂದು, 'ಮಿತ' ನೋಡಿದೆ. ರುಚಿ ನೋಡುವುದಕ್ಕೆ ನಾವು 'ನೋಡು' ಅನ್ನುವಂತೆ ಅವರೂ 'ನೋಡು' ಅನ್ನುತ್ತಾರೆ. ಇದನ್ನು ಇಂಗ್ಲಿಷಿನಲ್ಲಿ ವಿವರಿಸಲು ನಮ್ಮ ಪುಸ್ತಕ ಅರ್ಧ ಪುಟ ತೆಗೆದುಕೊಂಡಿತ್ತು. 'ತಿಂದುಬಿಟ್ಟ' ಅನ್ನುವುದರಲ್ಲಿ ಆ 'ಬಿಟ್ಟ' ಏನು ಮಾಡುತ್ತದೆ ಅಂತ ನಮಗೆ ಯಾರಾದರೂ ಹೇಳಿಕೊಡಬೇಕಾ? ಜಪಾನಿಯಲ್ಲಿ ಆ ಜಾಗಕ್ಕೆ 'ಶಿಮತ್ತ' ಬರುತ್ತದೆ. 'ನೀರು ಕಾಯಿಸಿಟ್ಟೆ' ಅನ್ನುವ 'ಇಟ್ಟೆ'ಗೆ 'ಒಇತ' ಇದೆ. 'ಬರುತ್ತೇನೆ ಅಂತ ಹೇಳಿದ' ಅನ್ನುವಾಗಿನ 'ಅಂತ'ಕ್ಕೆ 'ತೊ'. ಪರೀಕ್ಷೆಗೆ ಮುಂಚೆ ಇವನ್ನು ಉರು ಹೊಡೆಯುತ್ತಿದ್ದ ಗೆಳೆಯರನ್ನು ಕಂಡು ನನಗೆ ಪಾಪ ಅನ್ನಿಸುತ್ತಿತ್ತು.

ಉಚ್ಚಾರಣೆಯಲ್ಲೂ ನಮಗೆ ಲಾಭವಿದೆ. ಜಪಾನಿಯಲ್ಲಿ ಹ್ರಸ್ವ-ದೀರ್ಘ ತಪ್ಪಿದರೆ ಅರ್ಥವೇ ಬೇರೆ. 'ಕೊಕೊ' ಅಂದರೆ ಇಲ್ಲಿ, 'ಕೋಕೋ' ಅಂದರೆ ಹೈಸ್ಕೂಲು. ಹಿಂದಿಯಲ್ಲಿ ಹ್ರಸ್ವ ಎ, ಹ್ರಸ್ವ ಒ ಬರೆಯಲು ಅಕ್ಷರವೇ ಇಲ್ಲ, ಹಾಗಾಗಿ ಹಿಂದಿ ಗೆಳೆಯರ ನೋಟ್ಸಿನಲ್ಲಿ ಇವೆರಡೂ ಒಂದೇ ಥರ ಕಾಣುತ್ತಿದ್ದವು. 'ಕಿತ' ಬಂದ, 'ಕಿತ್ತ' ಕತ್ತರಿಸಿದ. ಒತ್ತಕ್ಷರ ಕಲಿತ ಬಾಯಿಗೆ ಇದು ಕಷ್ಟವೇ ಅಲ್ಲ.

ಕನ್ನಡ ಕೈಕೊಡುವ ಜಾಗಗಳೂ ಇವೆ. ಬಂದೆ, ಬಂದ, ಬಂದಳು, ಬಂದರು ಎಲ್ಲಕ್ಕೂ ಜಪಾನಿಯಲ್ಲಿ 'ಕಿತ' ಒಂದೇ. ಕರ್ತೃವನ್ನೂ ಬಿಟ್ಟುಬಿಡುತ್ತಾರೆ. ಬಂದದ್ದು ಯಾರು ಅನ್ನುವುದನ್ನು ಮರ್ಯಾದೆಯ ಕ್ರಿಯಾಪದದಿಂದಲೋ ಹಿಂದಿನ ಮಾತಿನಿಂದಲೋ ಹಿಡಿಯಬೇಕು. ಇದು ನನಗೆ ಮೂರನೇ ವರ್ಷದಲ್ಲೂ ಸುಲಭವಾಗಲಿಲ್ಲ. ಇನ್ನು ಕಾಂಜಿ, ಅಂದರೆ ಚೀನಾದಿಂದ ಬಂದ ಅಕ್ಷರಗಳು. ದಿನಬಳಕೆಗೆ ಅಂತ ಅಲ್ಲಿನ ಸರ್ಕಾರ ಮಾಡಿರುವ ಪಟ್ಟಿಯಲ್ಲೇ 2136 ಇವೆ. ಒಂದೊಂದಕ್ಕೆ ಎರಡು-ಮೂರು ಓದುಗಳು ಬೇರೆ. ನೀರಿನ ಅಕ್ಷರ ಒಂಟಿಯಾಗಿ ನಿಂತರೆ 'ಮಿಜು', ಸಮಾಸದಲ್ಲಿ ಬಂದರೆ 'ಸುಯಿ'. ನಾವು ಕುಡಿಯುವುದು ನೀರು, ಕಟ್ಟುವುದು ಜಲಾಶಯ, ಅಲ್ವಾ? ಹಾಗೇ ಅಂದುಕೊಂಡು ಮುಂದೆ ಹೋದೆ. ಆದರೆ ಬರೆದು ಬರೆದು ಕೈಗೆ ಹತ್ತಿಸಿಕೊಳ್ಳುವುದಕ್ಕೆ ಅಡ್ಡದಾರಿ ಇಲ್ಲ. ಬಿಎ ಕೊಡುವ ದೊಡ್ಡ ಸವಲತ್ತು ಅದೇ: ಬೆಳಿಗ್ಗೆಯಿಂದ ರಾತ್ರಿವರೆಗೆ ಬೇರೆ ಕೆಲಸವಿಲ್ಲದೆ ಇದನ್ನೇ ಮಾಡುವ ಸಮಯ. ಆಫೀಸು ಮುಗಿಸಿ ಸಂಜೆ ಕ್ಲಾಸಿಗೆ ಬರುವವರಿಗೆ ಅದು ಎಲ್ಲಿಂದ ಸಿಗಬೇಕು?

ಎರಡನೆಯ ಲಾಭ ಇತಿಹಾಸ-ಸಾಹಿತ್ಯದ ಪೇಪರುಗಳು. ಸೇರುವಾಗ ಇವು ಸುಮ್ನೆ ಅಂಕಕ್ಕೆ ಅಂದುಕೊಂಡಿದ್ದೆ. ಈಗ ಕೇಳಿದರೆ ಡಿಗ್ರಿಗೆ ಬೆಲೆ ಬಂದದ್ದೇ ಇವುಗಳಿಂದ ಅನ್ನುತ್ತೇನೆ. ಒಂದು ಉದಾಹರಣೆ ಹೇಳಲೇಬೇಕು. ಜಪಾನಿ ಅಕ್ಷರಮಾಲೆ ಅ, ಇ, ಉ, ಎ, ಒ ಅಂತ ಶುರುವಾಗಿ ಕ, ಸ, ತ, ನ, ಹ, ಮ, ಯ, ರ, ವ ಅಂತ ಸಾಗುತ್ತದೆ. ನಮ್ಮ ವರ್ಣಮಾಲೆಯ ನೆರಳು ಕಾಣುತ್ತದೆ ಅಲ್ವಾ? ಕಾಕತಾಳೀಯವಲ್ಲ. ಬೌದ್ಧ ಸನ್ಯಾಸಿಗಳು ಮಂತ್ರಗಳಿಗಾಗಿ ಸಂಸ್ಕೃತವನ್ನು ಭಾರತದಿಂದ ಹೋದ ಸಿದ್ಧಂ ಲಿಪಿಯಲ್ಲಿ ಓದುತ್ತಿದ್ದರು, ಆ ಓದಿನಿಂದಲೇ ಈ ಕ್ರಮ ಬಂತು. 804ರಲ್ಲಿ ಚೀನಾಕ್ಕೆ ಹೋಗಿ ಕಲಿತು ಬಂದ ಕೂಕಾಯಿ ಅಂಥವರಲ್ಲಿ ದೊಡ್ಡ ಹೆಸರು. ಇವತ್ತಿಗೂ ಅಲ್ಲಿನ ಸಮಾಧಿಗಳ ಬಳಿ ನಿಲ್ಲಿಸುವ ಮರದ ಹಲಗೆಗಳ ಮೇಲೆ ಆ ಲಿಪಿಯ ಬೀಜಾಕ್ಷರ ಬರೆಯುತ್ತಾರೆ.

ಆ ಅಕ್ಷರಮಾಲೆಯ ಸಾಲಿನಲ್ಲಿ ಪ ಇರಬೇಕಾದ ಕಡೆ ಹ ಯಾಕೆ ಕೂತಿದೆ ಅಂತ ಕ್ಲಾಸಿನಲ್ಲಿ ಯಾರೋ ಕೇಳಿದರು. ಹಳೆಯ ಜಪಾನಿಯಲ್ಲಿ ಅದು ಪ ಆಗಿತ್ತು, ಕಾಲ ಕಳೆದಂತೆ ಹ ಆಯಿತು ಅಂದರು ಪ್ರೊಫೆಸರು. ನಾನು ಕೈ ಎತ್ತಿ, ನಮ್ಮಲ್ಲೂ ಪಾಲು ಹಾಲಾಗಿದೆ, ಪೂ ಹೂವಾಗಿದೆ, ಪುಲಿ ಹುಲಿಯಾಗಿದೆ ಅಂದೆ. ಅವತ್ತು ಅರ್ಧ ಗಂಟೆ ಹಳಗನ್ನಡದ್ದೇ ಮಾತು. ಇದರಿಂದ ಎರಡೂ ಭಾಷೆ ಅಣ್ಣತಮ್ಮ ಅಂತ ಹೊರಡಬೇಡಿ. ಓನೋ ಸುಸುಮು ಅನ್ನುವ ಜಪಾನಿ ವಿದ್ವಾಂಸರು ತಮಿಳಿಗೂ ಜಪಾನಿಗೂ ನಂಟು ಅಂತ ವಾದಿಸಿದ್ದರು, ಹೆಚ್ಚಿನ ಭಾಷಾಶಾಸ್ತ್ರಜ್ಞರು ಒಪ್ಪಲಿಲ್ಲ. ವಾಟ್ಸಾಪಿನಲ್ಲಿ ಮಾತ್ರ ಅದು ಆಗಾಗ ಸಾಬೀತಾಗುತ್ತಿರುತ್ತದೆ.

ಮೂರನೇ ವರ್ಷ ಹಳೆಯ ಜಪಾನಿಯ ವ್ಯಾಕರಣ ಬಂದಾಗ ಇಡೀ ಕ್ಲಾಸಿಗೆ ಬೇಸರ. ಇವತ್ತು ಯಾರೂ ಆಡದ ಕ್ರಿಯಾಪದದ ರೂಪಗಳು ಯಾಕೆ ಬೇಕು ಅಂತ. ಹೈಸ್ಕೂಲಿನಲ್ಲಿ ಹಳಗನ್ನಡ ಪದ್ಯ ಬಿಡಿಸಿ ಓದಿದವರಿಗೆ ಈ ಕೆಲಸ ಹೊಸದಲ್ಲ. ಅರಮನೆಯಲ್ಲಿದ್ದ ಮುರಸಾಕಿ ಶಿಕಿಬು ಎಂಬ ಹೆಂಗಸು ತನ್ನ ದೊಡ್ಡ ಕಾದಂಬರಿ ಬರೆದದ್ದು 11ನೇ ಶತಮಾನದ ಆರಂಭದಲ್ಲಿ, 941ರ ಪಂಪನಾದ ಎರಡು-ಮೂರು ತಲೆಮಾರಿನ ನಂತರ. ಅದರ ಒಂದು ಪುಟ ಓದಲು ನಮಗೆ ವಾರ ಹಿಡಿಯುತ್ತಿತ್ತು.

ಪರೀಕ್ಷೆ, ಸ್ಕಾಲರ್‌ಶಿಪ್ಪು, ಕೆಲಸದ ವಿಷಯಕ್ಕೆ ಬರೋಣ. ಕಂಪನಿಗಳು ಕೇಳುವುದು ಡಿಗ್ರಿಯನ್ನಲ್ಲ, ಜಪಾನಿ ಎಷ್ಟು ಬರುತ್ತದೆ ಅಂತ ಅಳೆಯುವ ಪರೀಕ್ಷೆಯಾದ ಜೆಎಲ್‌ಪಿಟಿಯನ್ನು. ಅದರಲ್ಲಿ ಐದು ಮಟ್ಟಗಳಿವೆ. ಎನ್‌5 ಸುಲಭ, ಎನ್‌1 ಕಠಿಣ. ಅನುವಾದದ ಕೆಲಸಕ್ಕೆ ಸಾಮಾನ್ಯವಾಗಿ ಎನ್‌2 ಕೇಳುತ್ತಾರೆ. ಆದರೆ ಅದರಲ್ಲಿ ಮಾತಾಡುವ ಪರೀಕ್ಷೆ ಇಲ್ಲ, ಬರೆಯುವುದೂ ಇಲ್ಲ, ಎಲ್ಲಾ ಆಯ್ಕೆಯ ಪ್ರಶ್ನೆಗಳು. ಹಾಗಾಗಿ ಸರ್ಟಿಫಿಕೇಟು ಕೈಯಲ್ಲಿದ್ದೂ ಬಾಯಿ ಬಿಡದವರು ಸಿಗುತ್ತಾರೆ. ಬಿಎನಲ್ಲಿ ಬಾಯಿ ಬಿಡದೆ ವಿಧಿಯಿಲ್ಲ. ಇನ್ನೊಂದು ಮಾತು: ಜಪಾನ್ ಸರ್ಕಾರ ಬೇರೆ ದೇಶಗಳಲ್ಲಿ ಜಪಾನಿ ಭಾಷೆ-ಸಂಸ್ಕೃತಿಯನ್ನೇ ಮುಖ್ಯ ವಿಷಯವಾಗಿ ಓದುವ ಡಿಗ್ರಿ ವಿದ್ಯಾರ್ಥಿಗಳಿಗೆ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಸುಮಾರು ಒಂದು ವರ್ಷ ಓದಲು ಸ್ಕಾಲರ್‌ಶಿಪ್ ಕೊಡುತ್ತದೆ. ಸಂಜೆ ಕ್ಲಾಸಿನವರಿಗೆ ಅದು ಇಲ್ಲ. ನಾನು ಅರ್ಜಿ ಹಾಕಿದ್ದೆ, ಸಿಗಲಿಲ್ಲ. ನಮ್ಮ ಕ್ಲಾಸಿನ ಒಬ್ಬಳಿಗೆ ಸಿಕ್ಕಿತು. ನಾನು ಲಜಪತ್ ನಗರದಲ್ಲಿರುವ ಜಪಾನ್ ಫೌಂಡೇಶನ್ನಿನ ಲೈಬ್ರರಿಯಲ್ಲಿ ಕೂತು ಸಮಾಧಾನಪಟ್ಟೆ. ದೆಹಲಿಗೆ ಹೋಗುವವರು ಆ ಜಾಗ ಬಿಡಬೇಡಿ.

ಕೆಲಸಕ್ಕೆ ಸೇರಿದ ಮೇಲೆ ಬೋಲ್ಟು, ಬೇರಿಂಗು, ಗೇಜುಗಳ ಜಪಾನಿ ಹೆಸರು ಹೊಸದಾಗಿ ಕಲಿಯಬೇಕಾಯಿತು. ಸಾಹಿತ್ಯದ ಪೇಪರಿನಲ್ಲಿ ಅವೆಲ್ಲ ಎಲ್ಲಿ ಬರಬೇಕು? ಮೀಟಿಂಗ್ ರೂಮಿನಲ್ಲಿ ಇಂಗ್ಲಿಷಿಗೆ ದುಭಾಷಿ ಮಾಡುವಾಗ ಜಪಾನಿಯವರ ವಾಕ್ಯ ಮುಗಿಯುವ ತನಕ ಕಾಯಬೇಕು. ಹೌದೋ ಅಲ್ಲವೋ ಅನ್ನುವುದು ಕೊನೆಗೆ ತಾನೇ ಬರುವುದು. ಶಾಪ್ ಫ್ಲೋರಿನಲ್ಲಿ ಹಾಗಲ್ಲ. ಅಲ್ಲಿ ಆಪರೇಟರುಗಳು ಹೆಚ್ಚಿನವರು ರಾಮನಗರ, ಮಂಡ್ಯ ಕಡೆಯವರು. ಜಪಾನಿ ಎಂಜಿನಿಯರು 'ಕೊನೊ ಬೊರುತೊ ಒ' ಅಂದ ಕೂಡಲೇ ನಾನು 'ಈ ಬೋಲ್ಟನ್ನು' ಅನ್ನುತ್ತೇನೆ. 'ಶಿಮೆರು ಮಎ ನಿ' ಅಂದರೆ 'ಬಿಗಿ ಮಾಡುವ ಮುಂಚೆ'. 'ಅಬುರ ಒ ಫುಇತೆ ಒಇತೆ ಕುದಸಇ' ಅಂದರೆ 'ಎಣ್ಣೆಯನ್ನು ಒರೆಸಿಡಿ'. ಅವರು ಮುಗಿಸುವಾಗ ನನ್ನದೂ ಮುಗಿದಿರುತ್ತದೆ. ಆದರೂ ದುಭಾಷಿ ಬೇಕು ಅನ್ನುವ ಜಾಹೀರಾತುಗಳಲ್ಲಿ ನಾನು ಕಂಡದ್ದೆಲ್ಲ ಜಪಾನಿ ಮತ್ತು ಇಂಗ್ಲಿಷ್ ಮಾತ್ರ. ಕನ್ನಡ ಬರುತ್ತದಾ ಅಂತ ಸಂದರ್ಶನದಲ್ಲಿ ನನ್ನನ್ನು ಯಾರೂ ಕೇಳಿರಲಿಲ್ಲ.