ತಗಡು ಕಿತ್ತು ಪಫ್ ಪ್ಯಾನೆಲ್ ಹಾಕಿದ್ದು: ನನ್ನ ಅನುಭವ

ಮೊದ್ಲೇ ಹೇಳ್ಬಿಡ್ತೀನಿ, ಪಫ್ ಪ್ಯಾನೆಲ್ (ಸೆಕೆ ತಡೆಯೋಕೆ ಸೂರಿಗೆ ಹಾಕೋ, ಒಳಗೆ ಫೋಮ್ ಇರೋ ಸ್ಟೀಲ್ ಹಲಗೆ) ಕೂರಿಸಿದ ಮೇಲೆ ಅದರ ಹತ್ರ ವೆಲ್ಡಿಂಗ್ ಮಾಡ್ಬೇಡ್ರಿ. ದಾವಣಗೆರೆಲಿ ನಂದೇ ಸಣ್ಣ ಫ್ಯಾಬ್ರಿಕೇಶನ್ ಅಂಗಡಿ, ಗೇಟು ಗ್ರಿಲ್ಲು ಶೆಡ್ಡು ಅಂತ ಹದಿನೆಂಟು ವರ್ಷ ಆತು, ಇಷ್ಟು ವರ್ಷ ಕೆಲಸ ಮಾಡಿದವನೇ ಈ ತಪ್ಪು ಮಾಡಿದೆ ಅಂದ್ರೆ ಬೇರೆಯವರ ಕಥೆ ಏನು. ಅದನ್ನ ಆಮೇಲೆ ಹೇಳ್ತೀನಿ.

ನಮ್ಮನೆ ತಾರಸಿ ಮೇಲೊಂದು ರೂಮೈತೆ, 12ಕ್ಕೆ 16 ಅಡಿ. ಊರವರ ಮನೆಗೆಲ್ಲ ಹೊಡೆದಂಗೆ ಅದಕ್ಕೂ ತಗಡು ಹೊಡ್ದಿದ್ದೆ. ಏಪ್ರಿಲ್ ಬಂತಂದ್ರೆ ಮಧ್ಯಾಹ್ನ ಅಲ್ಲಿ ಫ್ಯಾನ್ ಹಾಕಿದ್ರೆ ಮಂಡಕ್ಕಿ ಭಟ್ಟಿ ಮುಂದೆ ನಿಂತಂಗೆ, ಬಿಸಿಗಾಳಿ ಮುಖಕ್ಕೇ ರಾಚ್ತಿತ್ತು. ಮಗಳು ಸೆಕೆಂಡ್ ಪಿಯು, ಓದೋಕೆ ಅದೇ ರೂಮ್ ಬೇಕು ಅಂತಾಳೆ, ಕೆಳಗೆ ಟೀವಿ ಸದ್ದು. "ಅಪ್ಪಾಜಿ, ಊರಿಗೆಲ್ಲ ಶೆಡ್ ಹಾಕ್ತೀಯ, ನಮ್ಮನೇದು ಮಾತ್ರ ಹಿಂಗೆ" ಅಂದ್ಲು. ಅದು ಚುಚ್ತು.

ಮೊದಲು ತಲೇಲಿದ್ದಿದ್ದು ಶಿಂಗಲ್ಸ್. ಸಕಲೇಶಪುರ ಕಡೆ ಹೋಂಸ್ಟೇಲಿ ನೋಡಿದ್ದೆ, ಹಾಳೆ ಹಾಳೆ ಜೋಡಿಸಿದಂಗೆ ಇರುತ್ತಲ್ಲ, ಅಮೆರಿಕದ ಮನೆಗಳ ಮೇಲೆ ಜಾಸ್ತಿ ಇರೋದು ಅದೇ, ಗ್ಲಾಸ್ ಫೈಬರ್ ಹಾಳೆಗೆ ಡಾಂಬರು ಬಳಿದು ಮೇಲೆ ಸಣ್ಣ ಕಲ್ಲಿನ ಹರಳು ಉದುರಿಸಿರ್ತಾರೆ. ನೋಡೋಕೆ ಚೆಂದ ಬಿಡ್ರಿ. ಆದ್ರೆ ಪರ್ಲಿನ್ (ಸೂರು ಹೊರೋ ಅಡ್ಡ ಪೈಪು) ಮೇಲೆ ನೇರ ಹೊಡೆಯೋಕಾಗಲ್ಲ, ಕೆಳಗೆ ಪೂರ್ತಿ ಪ್ಲೈವುಡ್ ಹಾಸ್ಬೇಕು, ಅದರ ಮೇಲೆ ನೀರು ತಡೆಯೋ ಫೆಲ್ಟ್ ಹಾಳೆ, ಆಮೇಲೆ ಶಿಂಗಲ್ಲು. ಲೆಕ್ಕ ಹಾಕ್ದೆ, ಶಿಂಗಲ್ ಚದರ ಮೀಟರಿಗೆ 10–12 ಕೆಜಿ, 12 ಎಂಎಂ ಪ್ಲೈ ಇನ್ನೊಂದು 8 ಕೆಜಿ, ಅಂದ್ರೆ 20 ಕೆಜಿ ಹತ್ರ. ಇಷ್ಟೆಲ್ಲ ಮಾಡಿದ ಮೇಲೂ ಕಪ್ಪು ಡಾಂಬರು ಬಿಸಿಲು ಹೀರ್ಕೊಂಡು ಕೂತಿರುತ್ತೆ, ಸೆಕೆ ತಡೆಯೋಕೆ ಒಳಗೆ ಬೇರೆ ಏನಾದ್ರೂ ಹಾಕ್ಲೇಬೇಕು. ಪ್ಲೈ, ಕೂಲಿ ಎಲ್ಲ ಸೇರಿಸಿದ್ರೆ ಪಫ್‌ಗಿಂತ ರೇಟೂ ಮೇಲೆ ಹೋತು. ಮಲೆನಾಡಿನ ಮಳೆ ಮನೆಗೆ ಅದು ಸರಿ ಇರ್ಬೋದು, ನಮ್ಮ ಬಿಸಿಲಿಗೆ ಬರೀ ಶೋಕಿ ಅನ್ನಿಸ್ತು, ಕೈಬಿಟ್ಟೆ.

ಪಫ್ ಅಂದ್ರೆ ಎರಡು ತೆಳು ಸ್ಟೀಲ್ ಶೀಟಿನ ಮಧ್ಯೆ ಪಾಲಿಯುರೆಥೇನ್ ಫೋಮ್. ಫ್ಯಾಕ್ಟರಿಲಿ ಎರಡು ಕೆಮಿಕಲ್ ಬೆರೆಸಿ ಶೀಟಿನ ಮಧ್ಯೆ ಬಿಡ್ತಾರೆ, ಅದು ತಾನೇ ಉಬ್ಬಿ ತಾನೇ ಅಂಟ್ಕೊಳ್ಳುತ್ತೆ. ನಾನು ತಂದಿದ್ದು 50 ಎಂಎಂ, ಶೀಟು ಅರ್ಧ ಎಂಎಂ, ಫೋಮಿನ ಸಾಂದ್ರತೆ ಘನ ಮೀಟರಿಗೆ 40 ಕೆಜಿ. ತೂಕ ನೀವೇ ಹಾಕ್ಕೊಳ್ರಿ, ಎರಡು ಶೀಟು ಸೇರಿ ಚದರ ಮೀಟರಿಗೆ 8 ಕೆಜಿ, ಫೋಮ್ ಬರೀ 2 ಕೆಜಿ, ಒಟ್ಟು 10. ಆ ಎರಡು ಕೆಜಿ ಫೋಮು ತಡೆಯೋ ಶಾಖಾನ ಕಾಂಕ್ರೀಟಲ್ಲಿ ತಡೀಬೇಕಂದ್ರೆ ಹತ್ತಡಿ ದಪ್ಪದ ಸ್ಲ್ಯಾಬ್ ಬೇಕಾಗುತ್ತೆ, ಲೆಕ್ಕ ತಪ್ಪಿರ್ಬೇಕು ಅಂತ ಎರಡು ಸಲ ಮಾಡಿ ನೋಡ್ದೆ, ಸರಿಯಾಗೇ ಇತ್ತು.

ತಗೊಳ್ಳೋವಾಗ ಒಂದು ನೋಡ್ಕೊಳ್ರಿ. ಕಡಿಮೆ ರೇಟಿಗೆ ಕೊಡ್ತೀನಿ ಅಂದವನ ಹತ್ರ ಇದ್ದಿದ್ದು ಥರ್ಮಾಕೋಲ್ ಪ್ಯಾನೆಲ್ಲು. ಹೊರಗಿಂದ ಎರಡೂ ಒಂದೇ ಥರ. ಅಂಚಲ್ಲಿ ಉಗುರು ಹಾಕಿ ಕೆರೆದ್ರೆ ಗೊತ್ತಾಗುತ್ತೆ, ಥರ್ಮಾಕೋಲ್ ಆದ್ರೆ ಕಾಳು ಕಾಳಾಗಿ ಉದುರುತ್ತೆ, ಪಫ್ ಆದ್ರೆ ನುಣ್ಣಗೆ ಪುಡಿ ಬರುತ್ತೆ. ಥರ್ಮಾಕೋಲ್ ಮಾಡೋದೂ ನಮ್ಮ ಮಂಡಕ್ಕಿ ಥರಾನೇ, ಸಣ್ಣ ಹರಳಿಗೆ ಹಬೆ ಕೊಟ್ಟು ಅರಳಿಸೋದು, ಮಂಡಕ್ಕಿಗೆ ಬಿಸಿ ಮರಳು ಅಷ್ಟೇ ವ್ಯತ್ಯಾಸ. ಅದೂ ಶಾಖ ತಡೆಯುತ್ತೆ, ಇಲ್ಲ ಅನ್ನಲ್ಲ, ಆದ್ರೆ ಪಫ್‌ನಷ್ಟೇ ತಡೀಬೇಕಂದ್ರೆ ಒಂದೂವರೆ ಪಟ್ಟು ದಪ್ಪ ಬೇಕು.

ನಂದು ಬೆಂಗಳೂರಿಂದ ಲಾರಿಲಿ ಬಂತು, 14 ಅಡಿಯವು ಆರು ಪೀಸು. ಒಂದೊಂದು 43 ಕೆಜಿ, ಇಬ್ಬರು ಆರಾಮಾಗಿ ಎತ್ತಬೋದು, ಆದ್ರೆ ನಮ್ಮ ಓಣಿಲಿ ಕರೆಂಟ್ ವೈರ್ ತಪ್ಪಿಸಿ ಮೇಲೆ ಹತ್ತಿಸೋದ್ರಲ್ಲೇ ಅರ್ಧ ದಿನ ಹೋತು.

ಹಳೇ ಪರ್ಲಿನ್ ಮೂರ್ಮೂರು ಅಡಿಗಿದ್ವು, ಪಫ್ ಗಟ್ಟಿ ಇರೋದ್ರಿಂದ ಐದಡಿಗೆ ಒಂದು ಸಾಕು, ಪೈಪೂ ಉಳೀತು. ಸ್ಕ್ರೂ ವಿಷಯದಲ್ಲಿ ಮಾತ್ರ ಮಂಗ ಆದೆ. ಪ್ಯಾನೆಲ್ 50 ಎಂಎಂ ಅಲ್ವಾ, 75 ಎಂಎಂ ಸ್ಕ್ರೂ ಸಾಕು ಅಂತ ಡಬ್ಬಿ ತಂದೆ. ಸ್ಕ್ರೂ ಹೊಡೆಯೋದು ಶೀಟಿನ ಉದ್ದಕ್ಕೂ ಎದ್ದಿರೋ ಉಬ್ಬಿನ ಮೇಲೆ, ಅಲ್ಲಿ ಉಬ್ಬೇ 30 ಎಂಎಂ ಎತ್ತರ, ಒಟ್ಟು 80 ಆತು, ಸ್ಕ್ರೂ ಪೈಪಿಗೆ ಮುಟ್ಟೋದೇ ಇಲ್ಲ! ಮೇಲಿಂದ ನೋಡಿದ್ರೆ ಟೈಟಾಗಿ ಕೂತಂಗೆ ಕಾಣುತ್ತೆ, ಹುಡುಗ ಎಂಟು ಸ್ಕ್ರೂ ಹೊಡೆದೂ ಬಿಟ್ಟಿದ್ದ, ಕೆಳಗಿಂದ ನೋಡಿದ್ರೆ ಪೈಪಲ್ಲಿ ಒಂದು ತುದಿನೂ ಬಂದಿಲ್ಲ. ಆ ತೂತಿಗೆಲ್ಲ ಬ್ಯೂಟೈಲ್ ಟೇಪ್ (ನೀರು ತಡೆಯೋ ರಬ್ಬರ್ ಅಂಟುಪಟ್ಟಿ) ಹಾಕಿ ಮುಚ್ಚಿ, 110 ಎಂಎಂ ತಂದು ಬೇರೆ ಕಡೆ ಹೊಡ್ದ್ವಿ. ವಾಷರ್ ಸ್ವಲ್ಪ ಉಬ್ಬೋವರೆಗೆ ಮಾತ್ರ ತಿರುವ್ಬೇಕು, ಜಾಸ್ತಿ ಬಿಗಿದ್ರೆ ಒಳಗೆ ಇರೋದು ಫೋಮು, ಶೀಟು ತಗ್ಗು ಬೀಳುತ್ತೆ, ಆ ತಗ್ಗಲ್ಲಿ ನೀರು ನಿಲ್ಲುತ್ತೆ. ಡ್ರಿಲ್ ಪುಡಿ ಸಂಜೆ ಒಳಗೆ ಗುಡಿಸ್ಬೇಕು, ನಾವು ಬೆಳಿಗ್ಗೆ ನೋಡೋಣ ಅಂತ ಬಿಟ್ವಿ, ಇಬ್ಬನಿಗೆ ತುಕ್ಕಾಗಿ ಬಿಳಿ ಶೀಟಿನ ಮೇಲೆ ಕಂದು ಚುಕ್ಕೆ, ಇವತ್ತಿಗೂ ಹೋಗಿಲ್ಲ.

"ಇಷ್ಟು ಹಗುರ ಐತಲ್ಲ, ಆಷಾಢದ ಗಾಳಿಗೆ ಹಾರಿ ಹೋಗಲ್ವೇನೋ" ಅಂತ ಅವ್ವ ಕೇಳಿದ್ಲು. ಚಿತ್ರದುರ್ಗದ ಕಡೆ ಹೋದಾಗ ಗುಡ್ಡದ ಮೇಲೆಲ್ಲ ಗಾಳಿಯಂತ್ರ ತಿರುಗೋದು ನೋಡೀವಲ್ಲ, ಗಾಳಿಗೇನು ಬರ ಇಲ್ಲ ನಮ್ಮ ಕಡೆ. ಸೆಕೆಂಡಿಗೆ 33 ಮೀಟರ್ ವೇಗದ ಗಾಳಿ ಚದರ ಮೀಟರಿಗೆ 65 ಕೆಜಿ ಹತ್ರ ಒತ್ತಡ ಹಾಕುತ್ತೆ, ಅಂಚಲ್ಲಿ ಮೇಲಕ್ಕೆ ಎಳೆಯೋದು ಇನ್ನೂ ಜೋರು. ನಮ್ಮ ಪ್ಯಾನೆಲ್ 10 ಕೆಜಿ, ಶಿಂಗಲ್ ಆಗಿದ್ರೂ 20, ಹೆಂಚಾಗಿದ್ರೆ 40 ಚಿಲ್ಲರೆ, ಯಾವುದೂ ಬರೀ ತನ್ನ ತೂಕದಿಂದ ನಿಲ್ಲಲ್ಲ. ಅದಕ್ಕೇ ಅಂಚಿನ ಪರ್ಲಿನ್ ಮೇಲೆ ಪ್ರತಿ ಉಬ್ಬಿಗೂ ಸ್ಕ್ರೂ, ಮಧ್ಯದಲ್ಲಿ ಒಂದು ಬಿಟ್ಟು ಒಂದು. ಪರ್ಲಿನ್‌ನ ಗೋಡೆಗೆ ಹಿಡಿದಿರೋ ಪ್ಲೇಟಿಗೂ ಹೊಸ ಆಂಕರ್ ಬೋಲ್ಟ್ ಹಾಕ್ದೆ, ಇಲ್ಲಾಂದ್ರೆ ಪ್ಯಾನೆಲ್ಲು ಪರ್ಲಿನ್ನು ಒಟ್ಟಿಗೇ ಎದ್ದು ಹೋಗೋದು.

ಈಗ ವೆಲ್ಡಿಂಗ್ ಕಥೆ. ಎಲ್ಲ ಮುಗಿದ ಮೇಲೆ ಸೂರಿನ ಅಂಚಿನ ಮಳೆನೀರಿನ ದೋಣಿಗೆ ಒಂದು ಬ್ರಾಕೆಟ್ ಕಮ್ಮಿ ಬಿತ್ತು. ಒಂದೇ ಟಾಕಾ (ಒಂದು ಚುಕ್ಕೆ ವೆಲ್ಡಿಂಗ್) ಅಲ್ವಾ ಅಂತ ಹೋಲ್ಡರ್ ಹಿಡಿದೆ. ಪ್ಯಾನೆಲ್ ತುದಿಲಿ ಫೋಮ್ ಇನ್ನೂ ತೆರೆದೇ ಇತ್ತು, ಮುಚ್ಚಿರ್ಲಿಲ್ಲ. ಕಿಡಿ ಒಳಗೆ ಹೋಗಿದ್ದು ಗೊತ್ತೇ ಆಗ್ಲಿಲ್ಲ, ಎರಡು ನಿಮಿಷ ಬಿಟ್ಟು ಹಳದಿ ಫೋಮಿನ ಮಧ್ಯೆ ಒಂದು ಕಪ್ಪು ತೂತು, ಅದರಿಂದ ದಾರದಂಗೆ ಹೊಗೆ. ಬಕೆಟ್ ನೀರು ಎರಚಿದ್ವಿ, ಆರಿದಂಗಾತು, ಮತ್ತೆ ಒಳಗಿಂದ ಹೊಗೆ ಬಂತು, ಶೀಟು ಅಡ್ಡ ಇರೋದ್ರಿಂದ ನೀರು ಒಳಗೆ ಹೋಗ್ತಿರ್ಲಿಲ್ಲ. ಕೊನೆಗೆ ಜಿಗ್ ಸಾ ಗರಗಸದಲ್ಲಿ ಆ ತುದಿ ಅರ್ಧ ಅಡಿ ಕೊಯ್ದು ಕೆಳಗೆ ಎಸೆದ್ವಿ. ಈ ಹೊಗೇಲಿ ಸಯನೈಡ್ ಅನಿಲ ಇರುತ್ತೆ, ಉಸಿರಾಡ್ಬಾರ್ದು. ಗ್ರೈಂಡರಲ್ಲಿ ಕೊಯ್ಯೋದೂ ಬ್ಯಾಡ, ಅದೂ ಕಿಡಿನೇ. ಅಡುಗೆ ಮನೆ ಮೇಲೆ ಹಾಕಿಸ್ತೀನಿ ಅನ್ನೋರು ಪಿಐಆರ್ ಅನ್ನೋ ಫೋಮ್ ಕೇಳ್ರಿ, ಬೆಂಕಿ ಬೇಗ ಹಿಡಿಯಲ್ಲ, ಹಂಗಂತ ಸುಡೋದೇ ಇಲ್ಲ ಅಂತೇನಿಲ್ಲ.

ಕೊಯ್ದ ಆ ತುಂಡು ತಾರಸಿ ಮೂಲೇಲೇ ಬಿದ್ದಿತ್ತು. ಬೇಸಿಗೆ ಕಳೆಯೋದ್ರೊಳಗೆ ಬಿಸಿಲು ಬಿದ್ದ ಮುಖ ಬೆಲ್ಲದ ಬಣ್ಣಕ್ಕೆ ತಿರುಗಿ, ಉಜ್ಜಿದ್ರೆ ಹುರಿಗಡಲೆ ಹಿಟ್ಟಿನಂಗೆ ಉದುರ್ತಿತ್ತು. ಬರೀ ಫೋಮ್ ಹಾಕಿ ಮೇಲೆ ಪೇಂಟ್ ಹೊಡೆದ್ರೆ ಸಾಲಲ್ವಾ ಅಂತ ಯಾರಾದ್ರೂ ಕೇಳಿದ್ರೆ ಈಗ ಆ ತುಂಡೇ ಕೈಗೆ ಕೊಡ್ತೀನಿ. ತುದಿಗೆ ಎಲ್ಲ ಕಡೆ ತಗಡಿನ ಕ್ಯಾಪ್ ಹಾಕಿದ್ದೂ ಅದಕ್ಕೇ, ಜೊತೆಗೆ ಅಳಿಲಿನ ಕಾಟ ಬೇರೆ, ತೆರೆದಿದ್ದ ಒಂದೇ ಮೂಲೇಲಿ ಆಗ್ಲೇ ಗೂಡಿಗೆ ಪಾಯ ಹಾಕಿತ್ತು.

ಈಗ ಮಧ್ಯಾಹ್ನ ಎರಡೂವರೆಗೆ ಒಳಗಿಂದ ಸೂರಿಗೆ ಅಂಗೈ ಇಟ್ರೆ ಬೆಚ್ಚಗಿರುತ್ತೆ ಅಷ್ಟೇ, ಮೊದ್ಲು ತಗಡಿಗೆ ಬೆರಳು ಇಡೋಕಾಗ್ತಿರ್ಲಿಲ್ಲ. ರಾತ್ರಿ ಮಾತ್ರ ಬೇರೆ ಲೆಕ್ಕ. ತಗಡು ಎಂಟು ಗಂಟೆಗೆಲ್ಲ ತಣ್ಣಗಾಗೋದು, ಈಗ ಪಡುವಣ ಗೋಡೆ ಕುಡಿದಿದ್ದ ಬಿಸಿಲು ಒಳಗೇ ಉಳೀತೈತೆ, ಮೇಲೆ ಹೋಗೋಕೆ ಪಫ್ ಬಿಡಲ್ಲ. ಗೋಡೆ ಮೇಲ್ಗಡೆ ಎರಡು ವೆಂಟಿಲೇಟರ್ ಕೊರೆಸಿ ಒಂದು ಎಕ್ಸಾಸ್ಟ್ ಹಾಕಿದ ಮೇಲೆ ಸರಿ ಹೋತು. ಜಗಳೂರು ಕಡೆ ನಮ್ಮಜ್ಜನ ಮಾಳಿಗೆ ಮನೇಲಿ ಜಂತೆ ಮೇಲೆ ಒಂದಡಿ ಮಣ್ಣು, ಅದರ ಮೇಲೆ ಕರ್ಲು ಮಣ್ಣು, ಚದರ ಮೀಟರಿಗೆ ಅರ್ಧ ಟನ್ ಆದ್ರೂ ಇರ್ಬೇಕು, ಅದಕ್ಕೂ ಗವಾಕ್ಷಿ ಇಟ್ಟಿದ್ರು. ನಾನು ಮರೆತಿದ್ದೆ.

ಮಗಳು ಖುಷಿ. ಅವ್ವಂಗೆ ಮಾತ್ರ ಇನ್ನೂ ಸಿಟ್ಟೈತೆ. ಮೇ ತಿಂಗಳು ತಾರಸಿ ಮೇಲೆ ಸಂಡಿಗೆ ಒಣಗಿಸಿ ಈ ರೂಮಲ್ಲೇ ನೆರಳಿಗೆ ಮಲಗಿದ್ಲು, ಎದ್ದು ಬಾಗಿಲು ತೆಗೆದ್ರೆ ಸಂಡಿಗೆ ಎಲ್ಲ ಗಂಜಿ. "ತಗಡಿದ್ದಾಗ ನಾಲ್ಕು ಹನಿ ಬಿದ್ರೂ ಎಬ್ಬಿಸ್ತಿತ್ತು ಕಣೋ, ಇದು ಬಾಯೇ ಬಿಡಲ್ಲ."