ಕಾರಿನ ಎಂಜಿನ್ನಿನಲ್ಲಿ ತಲೆ ಸವೆದ ಬೋಲ್ಟನ್ನು ಬಿಚ್ಚುವ ಕ್ರಮ

ಕಾರವಾರದಿಂದ ಭಟ್ಕಳದವರೆಗೆ ಹೆದ್ದಾರಿ 66ರ ಆಚೀಚೆಯ ಊರುಗಳಲ್ಲಿ ಓಡುವ, ರಾತ್ರಿಯಿಡೀ ಕಡಲ ಗಾಳಿಗೆ ಮೈಯೊಡ್ಡಿ ನಿಲ್ಲುವ ಕಾರುಗಳ ಎಂಜಿನ್ ಕೆಲಸಕ್ಕೆ ಕೈಹಾಕಿದವರಿಗೆ ತಲೆ ಸವೆದ ಬೋಲ್ಟು ಒಂದಲ್ಲ ಒಂದು ದಿನ ಎದುರಾಗಿಯೇ ಆಗುತ್ತದೆ. ಪಾನ (ಸ್ಪ್ಯಾನರ್) ಹಾಕಿ ಬಲ ಕೊಟ್ಟರೆ ಬೋಲ್ಟು ಕದಲುವುದಿಲ್ಲ. ತಲೆಯ ಆರು ಮೂಲೆಗಳು ಉರುಟಾಗಿ ಪಾನ ಜಾರತೊಡಗುತ್ತದೆ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ತಲೆಯನ್ನು ಇನ್ನಷ್ಟು ಬಿಗಿಯಾಗಿ ಕಚ್ಚುವ ಸಲಕರಣೆಯನ್ನು ಹುಡುಕುತ್ತಾರೆ. ಆದರೆ ತಲೆ ಸವೆದದ್ದು ಕೆಳಗೆ ಥ್ರೆಡ್ಡು, ಅಂದರೆ ಕಾಂಡದ ಮೇಲಿನ ತಿರುಪು ಸುರುಳಿ, ಹಿಡಿದುಕೊಂಡದ್ದರ ಪರಿಣಾಮ. ಆ ಹಿಡಿತವನ್ನು ಸಡಿಲಿಸದೆ ತಲೆಯ ಮೇಲೆ ಬಲ ಹೆಚ್ಚಿಸುತ್ತ ಹೋದರೆ ಕೊನೆಗೆ ಬೋಲ್ಟೇ ತುಂಡಾಗಿ, ಅರ್ಧ ಗಂಟೆಯಲ್ಲಿ ಮುಗಿಯಬೇಕಾದ ಕೆಲಸ ಎರಡು ದಿನ ಹಿಡಿಯುತ್ತದೆ. ಆದ್ದರಿಂದ ಮೊದಲು ಥ್ರೆಡ್ಡನ್ನು ವಿಚಾರಿಸಿಕೊಂಡು, ಆಮೇಲೆಯೇ ತಲೆಯ ಕಡೆಗೆ ಬರಬೇಕು.

ಉದಾಹರಣೆಗೆ ಸಣ್ಣ ಪೆಟ್ರೋಲ್ ಕಾರಿನ ಥರ್ಮೋಸ್ಟಾಟ್ (ಎಂಜಿನ್ನನ್ನು ತಣಿಸುವ ದ್ರವದ ಹರಿವನ್ನು ನಿಯಂತ್ರಿಸುವ ಕವಾಟ) ಮುಚ್ಚಳವನ್ನು ಹಿಡಿದಿಡುವ ಬೋಲ್ಟನ್ನು ತೆಗೆದುಕೊಳ್ಳೋಣ. ಇದು ಹೆಚ್ಚಾಗಿ ಎಂ6 ಅಳತೆಯದು. ಅಂದರೆ ಕಾಂಡದ ದಪ್ಪ 6 ಮಿ.ಮೀ., ತಲೆಗೆ ಕೂರುವುದು 10 ನಂಬರಿನ ಪಾನ. ಬೋಲ್ಟು ಉಕ್ಕಿನದು, ಅದು ಇಳಿದಿರುವ ಎಂಜಿನ್ ಹೆಡ್ ಅಲ್ಯೂಮಿನಿಯಮ್ಮಿನದು. ಈ ಎರಡು ಲೋಹಗಳ ನಡುವೆ ಉಪ್ಪಿನ ತೇವ ಸೇರಿದರೆ ಅಲ್ಲೊಂದು ಸಣ್ಣ ವಿದ್ಯುತ್ಕೋಶವೇ ಏರ್ಪಟ್ಟು, ಅಲ್ಯೂಮಿನಿಯಂ ಸವೆಯುತ್ತ ಬಿಳಿ ಹುಡಿಯಾಗುತ್ತದೆ. ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುವ ಈ ಹುಡಿ ಥ್ರೆಡ್ಡಿನ ಸಂದುಗಳಲ್ಲಿ ಒತ್ತಿ ತುಂಬಿಕೊಂಡು ಬೋಲ್ಟನ್ನು ಬಿಗಿದುಬಿಡುತ್ತದೆ. ಬೋಲ್ಟಿನ ಬುಡದ ಸುತ್ತ ಸುಣ್ಣದಂತೆ ಬೆಳ್ಳಗೆ ಕಂಡರೆ ಕಾರಣ ಇದೇ ಎಂದು ತಿಳಿಯಬಹುದು. ಘಟ್ಟದ ಮೇಲಿನ ಶಿರಸಿ, ಸಿದ್ದಾಪುರಗಳಲ್ಲಿಯೂ ಮಳೆ ಕಡಿಮೆಯೇನಲ್ಲ, ಆದರೆ ಅಲ್ಲಿ ಗಾಳಿಯಲ್ಲಿ ಉಪ್ಪಿಲ್ಲ. ಅಲ್ಲಿನ ಬೋಲ್ಟು ಹೆಚ್ಚಾಗಿ ಕೆಂಪು ತುಕ್ಕಿನಿಂದ ಹಿಡಿದಿರುತ್ತದೆ, ತುಕ್ಕು ಎಣ್ಣೆಯನ್ನು ಹೀರಿಕೊಂಡು ಸಡಿಲಗೊಳ್ಳುತ್ತದೆ. ಬಿಳಿ ಹುಡಿ ಎಣ್ಣೆಗೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಅದಕ್ಕೆ ಶಾಖ ಬೇಕು. ಘಟ್ಟದ ಮೇಲೆ ಎಣ್ಣೆ, ಕೆಳಗೆ ಶಾಖ ಎಂದು ನೆನಪಿಟ್ಟುಕೊಂಡರೂ ಹೆಚ್ಚು ತಪ್ಪಾಗದು.

ಕೆಲಸ ಶುರುಮಾಡುವ ಮುನ್ನ ಎಂಜಿನ್ ಪೂರ್ತಿ ತಣ್ಣಗಾಗಿರಬೇಕು, ಬಿಸಿ ರೇಡಿಯೇಟರಿನ ಮುಚ್ಚಳವನ್ನು ಎಂದಿಗೂ ತೆರೆಯಬಾರದು. ತಣಿಸುವ ದ್ರವವಾದ ಕೂಲೆಂಟನ್ನು ಇಳಿಸಿ ಬಕೆಟ್ಟಿನಲ್ಲಿ ಹಿಡಿದು ಕೂಡಲೇ ಮುಚ್ಚಿಡಬೇಕು. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿದ್ದು ವಿಷಕಾರಿಯಾಗಿರುವುದರಿಂದ, ಅಂಗಳದಲ್ಲಿ ಸುತ್ತುವ ನಾಯಿ, ದನಕರುಗಳು ನೆಕ್ಕಿದರೆ ಜೀವಕ್ಕೇ ಅಪಾಯ. ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಬೇಕು, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಬೇಕು. ಆಮೇಲೆ ವೈರ್ ಬ್ರಷ್ಷಿನಿಂದ ಬೋಲ್ಟಿನ ತಲೆಯನ್ನೂ ಬುಡವನ್ನೂ ಲೋಹ ಹೊಳೆಯುವವರೆಗೆ ತಿಕ್ಕಬೇಕು. ಈ ತಿಕ್ಕುವಿಕೆಯನ್ನು ಅಸಡ್ಡೆ ಮಾಡುವವರೇ ಹೆಚ್ಚು. ತಲೆಯ ಮೇಲೆ ಕಟ್ಟಿದ ಮಣ್ಣು ಮತ್ತು ತುಕ್ಕಿನ ಪದರದಿಂದಾಗಿ ಪಾನ ಪೂರ್ತಿ ಕೆಳಗಿಳಿಯದೆ ಮೇಲುಮೇಲಿನ ಅಂಚನ್ನಷ್ಟೇ ಹಿಡಿದಿರುವುದು ತಲೆ ಸವೆಯಲು ಎಷ್ಟೋ ಸಲ ಮೊದಲ ಕಾರಣವಾಗಿರುತ್ತದೆ.

ಇನ್ನು ಎಣ್ಣೆ. ಡಬ್ಲ್ಯೂಡಿ-40 ಎಲ್ಲ ಕಡೆ ಸಿಗುತ್ತದೆಯಾದರೂ, ತುಕ್ಕು ಬಿಡಿಸಲೆಂದೇ ಮಾಡಿದ ಪೆನೆಟ್ರೇಟಿಂಗ್ ಎಣ್ಣೆ ಸಿಕ್ಕರೆ ಅದೇ ಮೇಲು. ಎಣ್ಣೆಯನ್ನು ಬೋಲ್ಟಿನ ಬುಡಕ್ಕೆ ಬಿಟ್ಟು, ಸಾಧ್ಯವಾದರೆ ಒಂದು ರಾತ್ರಿ ಹಾಗೆಯೇ ಬಿಡಬೇಕು. ನಡುನಡುವೆ ಮತ್ತೆ ಹನಿಸಬೇಕು. ಎಣ್ಣೆ ಬಿಟ್ಟ ಮೇಲೆ ತಲೆಯ ನಡುವಿಗೆ ಹಿತ್ತಾಳೆಯ ಅಥವಾ ಉಕ್ಕಿನ ಪಂಚ್ ಇಟ್ಟು ಸುತ್ತಿಗೆಯಿಂದ ನೇರವಾಗಿ ಹತ್ತಾರು ಪೆಟ್ಟು ಹಾಕಿದರೆ ಥ್ರೆಡ್ಡಿನಲ್ಲಿ ಕಟ್ಟಿಕೊಂಡದ್ದು ಬಿರುಕು ಬಿಟ್ಟು ಎಣ್ಣೆ ಒಳಗಿಳಿಯಲು ದಾರಿಯಾಗುತ್ತದೆ. ಪೆಟ್ಟು ಚುರುಕಾಗಿರಬೇಕು, ಭಾರವಾಗಿರಬಾರದು. ಅಲ್ಯೂಮಿನಿಯಂ ಎರಕದ ತೆಳ್ಳಗಿನ ಕಿವಿ ಒಡೆದರೆ ಬೋಲ್ಟಿಗಿಂತ ನೂರು ಪಾಲು ದುಬಾರಿಯ ಭಾಗ ಹೋದಂತೆ.

ಶಾಖದ ಹಿಂದಿನ ಲೆಕ್ಕ ಸರಳವಾದದ್ದು. ಒಂದು ಮೀಟರ್ ಅಲ್ಯೂಮಿನಿಯಂ ಒಂದು ಡಿಗ್ರಿ ಬಿಸಿಗೆ ಸುಮಾರು 23 ಮೈಕ್ರೋಮೀಟರ್ ಹಿಗ್ಗಿದರೆ ಉಕ್ಕು ಹಿಗ್ಗುವುದು ಸುಮಾರು 12 ಮಾತ್ರ. ಆದ್ದರಿಂದ ಬೋಲ್ಟಿನ ಸುತ್ತಲಿನ ಅಲ್ಯೂಮಿನಿಯಂ ಕಾದಂತೆ ತೂತು ಬೋಲ್ಟಿಗಿಂತ ಹೆಚ್ಚು ಹಿಗ್ಗಿ ಹಿಡಿತ ಬಿಡುತ್ತದೆ. ಬಿಸಿ ಮಾಡಬೇಕಾದದ್ದು ಬೋಲ್ಟನ್ನಲ್ಲ, ಅದರ ಸುತ್ತಲಿನ ಎರಕವನ್ನು. ಮೊದಲಿಗೆ ಕುದಿಯುವ ನೀರನ್ನು ನಿಧಾನವಾಗಿ ಹೊಯ್ಯುವುದೇ ಒಳ್ಳೆಯ ಪ್ರಯತ್ನ. ಅದರಿಂದ ಶಾಖವೂ ಸಿಗುತ್ತದೆ, ಉಪ್ಪೂ ಕರಗುತ್ತದೆ, ಬೆಂಕಿಯ ಭಯವೂ ಇಲ್ಲ. ಅದು ಸಾಲದಿದ್ದರೆ ಹೀಟ್ ಗನ್ ಹಿಡಿಯಬಹುದು. ಗ್ಯಾಸ್ ಟಾರ್ಚನ್ನು ಎಂಜಿನ್ನಿನ ಬಳಿ ಹಿಡಿಯುವುದನ್ನು ನಾನು ಮನೆಯಲ್ಲಿ ಕೆಲಸ ಮಾಡುವವರಿಗೆ ಹೇಳುವುದಿಲ್ಲ. ಅಲ್ಯೂಮಿನಿಯಂ ಉಕ್ಕಿನಂತೆ ಕೆಂಪಗಾಗಿ ಎಚ್ಚರಿಸುವುದಿಲ್ಲ, ಬಣ್ಣ ಬದಲಾಗದೆಯೇ ಒಮ್ಮೆಲೇ ಕುಸಿಯುತ್ತದೆ. ಶುದ್ಧ ಅಲ್ಯೂಮಿನಿಯಂ ಕರಗುವುದು 660 ಡಿಗ್ರಿ ಸೆಲ್ಸಿಯಸ್‌ಗೆ, ಎರಕದ ಮಿಶ್ರಲೋಹಗಳು ಅದಕ್ಕೂ ಮೊದಲೇ. ಹೀಟ್ ಗನ್ ಹಿಡಿಯುವ ಮುನ್ನ ಹಿಂದೆ ಬಿಟ್ಟ ಎಣ್ಣೆಯನ್ನು ಒರೆಸಬೇಕು, ಪೆಟ್ರೋಲ್ ಪೈಪು, ಸೆನ್ಸರ್ ತಂತಿ, ರಬ್ಬರ್ ಹೋಸುಗಳನ್ನು ಸರಿಸಬೇಕು ಅಥವಾ ಒದ್ದೆ ಬಟ್ಟೆಯಿಂದ ಮುಚ್ಚಬೇಕು, ಮತ್ತು ಕೈಗೆಟುಕುವಲ್ಲಿ ಡ್ರೈ ಪೌಡರ್ ಅಗ್ನಿಶಾಮಕವನ್ನೋ ಒಂದು ಬಕೆಟ್ ಮರಳನ್ನೋ ಇಟ್ಟುಕೊಳ್ಳಬೇಕು. ಬ್ರೇಕ್ ಕ್ಲೀನರ್ ಸಿಂಪಡಿಸಿದ ಜಾಗವನ್ನಂತೂ ಬಿಸಿ ಮಾಡಲೇಬಾರದು. ಕ್ಲೋರಿನ್ ಇರುವ ಕ್ಲೀನರ್ ಕಾದಾಗ ವಿಷಾನಿಲ ಹೊರಡುತ್ತದೆ. ಕಾದ ಬೋಲ್ಟಿನ ಬುಡಕ್ಕೆ ಮೇಣದ ತುಂಡನ್ನು ತಾಗಿಸಿದರೆ ಅದು ಕರಗಿ ಥ್ರೆಡ್ಡಿನೊಳಗೆ ಎಳೆದುಕೊಂಡು ಹೋಗುತ್ತದೆ, ತಿರುಗಿಸುವಾಗ ಜಾರಿಕೆಗೆ ನೆರವಾಗುತ್ತದೆ.

ಇಷ್ಟಾದ ಮೇಲೆ ತಲೆಯ ಕಡೆ ಬರಬಹುದು. ಹನ್ನೆರಡು ಮೂಲೆಯ ರಿಂಗ್ ಪಾನವನ್ನೂ ಬಾಯಿ ತೆರೆದ ಫಿಕ್ಸ್ ಪಾನವನ್ನೂ ಬದಿಗಿಟ್ಟು ಆರು ಮೂಲೆಯ ಸಾಕೆಟ್ಟನ್ನೇ ಬಳಸಬೇಕು, ಏಕೆಂದರೆ ಅದು ಮೂಲೆಗಳ ತುದಿಯ ಬದಲು ಬದಿಗಳನ್ನು ಒತ್ತುತ್ತದೆ. 10 ನಂಬರಿನದು ಜಾರುತ್ತಿದ್ದರೆ ಮೂರೆಂಟಾಂಶ (3/8) ಇಂಚಿನ ಸಾಕೆಟ್ಟನ್ನು ಸುತ್ತಿಗೆಯಿಂದ ಬಡಿದು ಕೂರಿಸಬಹುದು. ಅದರ ಅಳತೆ 9.5 ಮಿ.ಮೀ.ಗಿಂತ ತುಸುವೇ ಹೆಚ್ಚು, ಆದ್ದರಿಂದ ಸವೆದ ತಲೆಯನ್ನು ಅದು ಬಿಗಿಯಾಗಿ ಹಿಡಿಯುತ್ತದೆ. 13 ನಂಬರಿನ ತಲೆಗೆ ಇದೇ ರೀತಿ ಅರ್ಧ ಇಂಚಿನದು ಒಗ್ಗುತ್ತದೆ. ಒಳಗೆ ಸುರುಳಿ ಹಲ್ಲುಗಳಿರುವ ಬೋಲ್ಟ್ ಎಕ್ಸ್‌ಟ್ರ್ಯಾಕ್ಟರ್ ಸಾಕೆಟ್ಟುಗಳು ಈ ಕೆಲಸಕ್ಕೆಂದೇ ಇವೆ. ತಿರುಗಿಸಿದಷ್ಟೂ ಅವು ತಲೆಯನ್ನು ಕಚ್ಚುತ್ತವೆ. ತಲೆ ಹೊರಗೆ ಚಾಚಿಕೊಂಡಿದ್ದು ಸುತ್ತ ಜಾಗವಿದ್ದರೆ, ಎದುರು ಬದುರು ಎರಡು ಬದಿಗಳನ್ನು ಅರದಿಂದ ಸಮನಾಗಿ ಉಜ್ಜಿ, ಕಚ್ಚಿ ಲಾಕ್ ಆಗುವ ಇಕ್ಕಳವಾದ ವೈಸ್ ಗ್ರಿಪ್ಪಿನಿಂದ ಹಿಡಿಯಬಹುದು. ಚಾಣವಿಟ್ಟು ತಲೆಯ ಅಂಚಿಗೆ ಹೊಡೆದು ತಿರುಗಿಸುವ ಹಳೆಯ ಪದ್ಧತಿ ಬೀಡು ಕಬ್ಬಿಣದ ಎಂಜಿನ್ನಿಗೆ ಸರಿ, ಅಲ್ಯೂಮಿನಿಯಂ ಹೆಡ್ಡಿನ ಮೇಲೆ ಅದು ಬೇಡ. ಅಲೆನ್ ಕೀಯ ತೂತು ಸವೆದಿದ್ದರೆ ತುಸು ದೊಡ್ಡ ಅಳತೆಯ, ನಕ್ಷತ್ರದಾಕಾರದ ಟಾರ್ಕ್ಸ್ ಬಿಟ್ಟನ್ನು ಬಡಿದು ಕೂರಿಸಿ ತಿರುಗಿಸಬೇಕು.

ತಿರುಗಿಸುವ ಕೈಗೆ ತಾಳ್ಮೆ ಬೇಕು. ಮೊದಲು ಬಿಗಿ ಮಾಡುವ ಕಡೆಗೆ ತುಸುವೇ ಒತ್ತಿ, ಆಮೇಲೆ ಬಿಚ್ಚುವ ಕಡೆಗೆ ತರಬೇಕು. ಎಂ6 ಬೋಲ್ಟನ್ನು ಸಾಮಾನ್ಯವಾಗಿ ಬಿಗಿ ಮಾಡುವುದು ಸುಮಾರು 10 ನ್ಯೂಟನ್ ಮೀಟರಿಗೆ, ಅಂದರೆ 20 ಸೆಂ.ಮೀ. ಹಿಡಿಕೆಯ ತುದಿಯಲ್ಲಿ ಸುಮಾರು 5 ಕಿಲೋ ಭಾರದಷ್ಟು ಬಲಕ್ಕೆ. ಅದರ ಎರಡರಷ್ಟಾದರೆ ಸಾಧಾರಣ ಎಂ6 ಬೋಲ್ಟು ತಿರುಚಿ ತುಂಡಾಗಬಲ್ಲದು. ಆದ್ದರಿಂದ ಹಿಡಿಕೆಗೆ ಪೈಪು ತೂರಿಸಿ ಉದ್ದ ಮಾಡುವ ರೂಢಿ ಇಂಥ ಸಣ್ಣ ಬೋಲ್ಟಿಗೆ ಸಲ್ಲದು. ಬೋಲ್ಟು ಕದಲಿತೋ ತಿರುಚಿತೋ ಎಂಬುದು ಕೈಗೇ ತಿಳಿಯುತ್ತದೆ. ಕದಲುವ ಬೋಲ್ಟು ‘ಟಕ್’ ಎಂದು ಒಮ್ಮೆಲೇ ಬಿಡುತ್ತದೆ, ಇಲ್ಲವೇ ‘ಕಿರ್ರ್’ ಎಂದು ಕಿರುಗುಡುತ್ತ ಬಿಗಿಯಾಗಿಯೇ ತಿರುಗುತ್ತದೆ. ತಿರುಚುತ್ತಿರುವ ಬೋಲ್ಟು ಸದ್ದಿಲ್ಲದೆ ಮೆತ್ತಗೆ, ಒಳಗೆ ಏನೋ ಹಿಗ್ಗಿದಂತೆ ಬರುತ್ತದೆ. ಕೈ ಬಿಟ್ಟರೆ ಕೊಂಚ ಹಿಂದಕ್ಕೆ ಸರಿಯುತ್ತದೆ. ಆ ಮೆತ್ತನೆಯ ಅನುಭವ ಬಂದ ಕ್ಷಣವೇ ನಿಲ್ಲಿಸಿ ಮತ್ತೆ ಎಣ್ಣೆಗೆ, ಶಾಖಕ್ಕೆ ಮರಳಬೇಕು. ಕಾಲು ಸುತ್ತು ಕದಲಿದ ಬೋಲ್ಟನ್ನೂ ಒಂದೇ ಸಮನೆ ಬಿಚ್ಚುತ್ತ ಹೋಗದೆ, ಎಣ್ಣೆ ಬಿಡುತ್ತ, ಅರ್ಧ ಹಿಂದೆ, ಮತ್ತೆ ಮುಂದೆ ಎಂದು ಆಡಿಸುತ್ತ ಹೊರತರಬೇಕು.

ಯಾವುದೂ ಹಿಡಿಯದಷ್ಟು ತಲೆ ಸವೆದಿದ್ದರೆ, ಥರ್ಮೋಸ್ಟಾಟ್ ಮುಚ್ಚಳದಂಥ ಜಾಗದಲ್ಲಿ ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯ ದಾರಿ ತಲೆಯನ್ನೇ ಡ್ರಿಲ್ ಮಾಡಿ ತೆಗೆಯುವುದು. ಕೇಳಲು ಇದು ಒರಟಾಗಿ ಕಂಡರೂ ಇದರ ಹಿಂದೆ ಗಟ್ಟಿ ಕಾರಣವಿದೆ. ಬಿಗಿ ಮಾಡಿದ ಬೋಲ್ಟು ಎಳೆದು ನಿಂತಿರುತ್ತದೆ, ಆ ಎಳೆತವೇ ಥ್ರೆಡ್ಡನ್ನು ಒತ್ತಿ ಹಿಡಿಯುತ್ತದೆ. ತಲೆ ಹೋದೊಡನೆ ಎಳೆತ ಇಲ್ಲವಾಗುತ್ತದೆ, ಮುಚ್ಚಳ ಎದ್ದು ಬರುತ್ತದೆ, ಮುಚ್ಚಳದ ದಪ್ಪದಷ್ಟು ಉದ್ದದ ಕಾಂಡ ಹೊರಗೆ ಉಳಿಯುತ್ತದೆ. ಅದಕ್ಕೆ ಎಣ್ಣೆ, ಶಾಖ ಎರಡೂ ಈಗ ನೇರವಾಗಿ ತಲುಪುತ್ತವೆ. ವೈಸ್ ಗ್ರಿಪ್ಪಿನಿಂದ ಹಿಡಿದು ಆಡಿಸಿದರೆ ಎಷ್ಟೋ ಸಲ ಸುಲಭವಾಗಿ ತಿರುಗಿ ಬರುತ್ತದೆ. ಡ್ರಿಲ್ ಮಾಡುವಾಗ ತಲೆಯ ಮೇಲ್ಮೈಯನ್ನು ಅರದಿಂದ ಸಮ ಮಾಡಿ, ಸರಿ ನಡುವಿಗೆ ಸೆಂಟರ್ ಪಂಚ್ ಹೊಡೆದು, 3 ಮಿ.ಮೀ. ಬಿಟ್ಟಿನಿಂದ ಆರಂಭಿಸಿ 6ರವರೆಗೆ ಹೆಚ್ಚಿಸುತ್ತ, ತಲೆಯ ದಪ್ಪದಷ್ಟು ಆಳಕ್ಕೆ ಮಾತ್ರ ಹೋಗಬೇಕು. ವೇಗ ಕಡಿಮೆ ಇರಲಿ, ಬಿಟ್ಟಿಗೆ ಎಣ್ಣೆ ತಪ್ಪದಿರಲಿ.

ಹೊರಗೆ ಉಳಿದ ಕಾಂಡ ಹಿಡಿಯಲು ಸಾಲದಷ್ಟು ಗಿಡ್ಡವಾಗಿದ್ದರೆ ಅದರ ಮೇಲೆ ನಟ್ ಇಟ್ಟು ನಟ್ಟಿನ ತೂತಿನೊಳಗಿನಿಂದ ವೆಲ್ಡ್ ಮಾಡಿಸಬೇಕು. ಉಕ್ಕಿನ ವೆಲ್ಡ್ ಅಲ್ಯೂಮಿನಿಯಮ್ಮಿಗೆ ಅಂಟುವುದಿಲ್ಲ. ಜೊತೆಗೆ ವೆಲ್ಡಿನ ಕಾವು ಬೋಲ್ಟಿನ ಮೂಲಕವೇ ಇಳಿದು ಥ್ರೆಡ್ಡಿನಲ್ಲಿ ಕಟ್ಟಿದ್ದನ್ನು ಒಡೆಯುತ್ತದೆ. ತುಸು ಆರಿದ ಮೇಲೆ ತಿರುಗಿಸಬೇಕು. ಬೈತಕೋಲದಂಥ ಬಂದರುಗಳ ಸುತ್ತ ದೋಣಿ ಎಂಜಿನ್ನುಗಳ ಕೆಲಸ ಮಾಡುವವರಿಗೆ ಉಪ್ಪು ಹಿಡಿದ ಬೋಲ್ಟು ದಿನದ ಮಾತಾದ್ದರಿಂದ ಅಂಥ ಅನುಭವಿ ವೆಲ್ಡರನ್ನೇ ಕೇಳುವುದು ಒಳ್ಳೆಯದು. ವೆಲ್ಡ್ ಮಾಡುವ ಮುನ್ನ ಬ್ಯಾಟರಿಯ ಎರಡೂ ತಂತಿಗಳನ್ನು ಕಳಚಿ, ಅರ್ತ್ ಕ್ಲಾಂಪನ್ನು ಬೋಲ್ಟಿಗೆ ಆದಷ್ಟು ಹತ್ತಿರ ಹಾಕಿಸಬೇಕು. ಇಲ್ಲವಾದರೆ ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ಸುಡುವ ಸಾಧ್ಯತೆ ಇದೆ.

ಬೋಲ್ಟು ಮಟ್ಟಸವಾಗಿ ಒಳಗೇ ಮುರಿದಿದ್ದರೆ ಡ್ರಿಲ್ ಮಾಡದೆ ಗತ್ಯಂತರವಿಲ್ಲ. ನೀರಿನ ದಾರಿಗೆ ಬಟ್ಟೆ ತುರುಕಿ, ಬಿಟ್ಟಿಗೆ ಗ್ರೀಸ್ ಬಳಿದು, ಲೋಹದ ಚೂರು ಎಂಜಿನ್ನಿನೊಳಗೆ ಬೀಳದಂತೆ ನೋಡಿಕೊಳ್ಳಬೇಕು. ಎಡಕ್ಕೆ ತಿರುಗುವ ಬಿಟ್ ಸಿಕ್ಕರೆ ಅದನ್ನೇ ಬಳಸಬೇಕು, ಕೊರೆಯುತ್ತಿರುವಾಗಲೇ ತುಂಡು ತಾನಾಗಿ ಬಿಚ್ಚಿ ಬರುವುದುಂಟು. ತೂತಿಗೆ ಬಡಿದು ತಿರುಗಿಸುವ ಈಸಿ ಔಟ್ ಬಗ್ಗೆ ಮಾತ್ರ ಬಹಳ ಎಚ್ಚರ ಬೇಕು. ಅದು ಗಡಸು ಉಕ್ಕಿನದು, ಬಗ್ಗದೆ ಮುರಿಯುತ್ತದೆ, ಮುರಿದರೆ ಅದನ್ನು ಸಾಮಾನ್ಯ ಬಿಟ್ಟಿನಿಂದ ಕೊರೆಯಲಾಗದು. ಎಂ6ನಂಥ ಸಣ್ಣ ಬೋಲ್ಟಿಗೆ ಅದನ್ನು ಬಳಸದಿರುವುದೇ ಕ್ಷೇಮ. ಅದರ ಬದಲು ಸರಿ ನಡುವಿನಲ್ಲಿ 5 ಮಿ.ಮೀ.ವರೆಗೆ ಕೊರೆದರೆ ಥ್ರೆಡ್ಡಿನ ಸುರುಳಿಯಷ್ಟೇ ಉಳಿಯುತ್ತದೆ, ಅದನ್ನು ಚಿಮುಟದಿಂದ ಎಳೆದು, ಥ್ರೆಡ್ಡು ಕೊರೆಯುವ ಟ್ಯಾಪ್ ಹಾಕಿ ಸ್ವಚ್ಛ ಮಾಡಬಹುದು. ಎಂ8 ಬೋಲ್ಟಿಗೆ ಈ ಅಳತೆ 6.8 ಮಿ.ಮೀ. ತೂತು ಪಕ್ಕಕ್ಕೆ ಸರಿದು ಅಲ್ಯೂಮಿನಿಯಂ ಥ್ರೆಡ್ಡು ಹೋಗಿದ್ದರೆ ಹೆಲಿಕಾಯಿಲ್ ಹಾಕಿಸಬೇಕು. ಸ್ಟೇನ್‌ಲೆಸ್ ಉಕ್ಕಿನ ಆ ಸುರುಳಿ ಸರಿಯಾಗಿ ಕೂತರೆ ಮೊದಲಿನ ಥ್ರೆಡ್ಡಿಗಿಂತ ಬಲವಾಗಿರುತ್ತದೆ.

ಸಿಲಿಂಡರ್ ಹೆಡ್ ಬೋಲ್ಟು, ಟೈಮಿಂಗ್ ಭಾಗದ ಬೋಲ್ಟು, ಸ್ಪಾರ್ಕ್ ಪ್ಲಗ್ಗಿನ ಥ್ರೆಡ್ಡು ಇವುಗಳಲ್ಲಿ ತೊಂದರೆಯಾದರೆ ಮನೆಯಲ್ಲಿ ಪ್ರಯತ್ನಿಸದೆ ಲೇತ್ ಮತ್ತು ಹೆಡ್ ಕೆಲಸ ಬಲ್ಲ ವರ್ಕ್‌ಶಾಪಿಗೆ ಕೊಡಬೇಕು.

ಹಳೆಯ ಬೋಲ್ಟನ್ನು ಮತ್ತೆ ಹಾಕಬಾರದು. ಅದೇ ಅಳತೆ, ಅದೇ ಪಿಚ್ (ಥ್ರೆಡ್ಡಿನ ಸುರುಳಿಗಳ ನಡುವಿನ ಅಂತರ), ಅದೇ ಉದ್ದ ಮತ್ತು ತಲೆಯ ಮೇಲೆ ಅದೇ ದರ್ಜೆಯ ಗುರುತು ಇರುವ ಹೊಸದನ್ನು ತರಬೇಕು. ಸ್ಟೇನ್‌ಲೆಸ್ ಬೋಲ್ಟು ತುಕ್ಕು ಹಿಡಿಯದೆಂದು ಕೆಲವರು ಅದನ್ನು ಹಾಕುತ್ತಾರಾದರೂ ಅಲ್ಯೂಮಿನಿಯಮ್ಮಿನ ಜೊತೆ ಉಪ್ಪು ಸೇರಿದಾಗ ಅದೂ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಥ್ರೆಡ್ಡಿಗೆ, ಅದು ಮತ್ತೆ ಹಿಡಿಯದಂತೆ ತಡೆಯುವ ಆ್ಯಂಟಿ ಸೀಜ್ ಪೇಸ್ಟನ್ನು ತೆಳ್ಳಗೆ ಬಳಿದು, ಮೊದಲ ಕೆಲವು ಸುತ್ತುಗಳನ್ನು ಬೆರಳಿನಿಂದಲೇ ತಿರುಗಿಸಿ, ಆಮೇಲೆ ಬಿಗಿಯ ಬಲವನ್ನು ಅಳೆಯುವ ಟಾರ್ಕ್ ರೆಂಚಿನಿಂದ ಬಿಗಿ ಮಾಡಬೇಕು. ಜಾರಿಕೆಯಿಂದಾಗಿ ಅಷ್ಟೇ ಬಲಕ್ಕೆ ಬೋಲ್ಟು ಹೆಚ್ಚು ಎಳೆಯುವುದರಿಂದ, ಕೈಪಿಡಿಯಲ್ಲಿ ಒಣ ಥ್ರೆಡ್ಡಿಗೆಂದು ಕೊಟ್ಟ ಅಂಕಿಗಿಂತ ಸುಮಾರು ಐದನೇ ಒಂದು ಭಾಗ ಕಡಿಮೆ ಮಾಡಿಕೊಳ್ಳಬೇಕು. ಕೂಲೆಂಟ್ ತುಂಬಿ, ಎಂಜಿನ್ ಕಾದು ಫ್ಯಾನ್ ಒಮ್ಮೆ ತಿರುಗಿ ನಿಲ್ಲುವವರೆಗೆ ಚಾಲೂ ಇಟ್ಟು, ಪೂರ್ತಿ ತಣಿದ ಮೇಲೆ ಮುಚ್ಚಳದ ಸುತ್ತ ಬೆರಳಾಡಿಸಿ ತೇವವಿದೆಯೇ ಎಂದು ನೋಡಿ, ಕೂಲೆಂಟಿನ ಮಟ್ಟ ಇಳಿದಿದ್ದರೆ ತುಂಬಬೇಕು.