ಜೂಮಾ, ಫಿಕ್ಸೆಡ್ಡಾ? ಲಕ್ಕುಂಡಿ ಗುಡಿಯೊಳಗ ಫಿಲ್ಮ್ ಹಾಕಿ ನೋಡಿದ್ದು

ಹುಬ್ಬಳ್ಳಿ-ಧಾರವಾಡದಾಗ ಫಿಲ್ಮ್ ಕ್ಯಾಮೆರಾ ಹಿಡಿಯೋ ಹುಡುಗ್ರು ಮತ್ತ ಕಾಣಾಕತ್ಯಾರ, ಸಿಕ್ಕಾಗೆಲ್ಲಾ ಕೇಳೂದು ಇದನ್ನ, ಸರ್ ಜೂಮ್ ತಗೊಳ್ಲೋ ಫಿಕ್ಸೆಡ್ ತಗೊಳ್ಲೋ ಅಂತ. ಜೂಮ್ ಅಂದ್ರ ತಿರುಗಿಸಿ ದೂರ-ಹತ್ರ ಮಾಡೋ ಲೆನ್ಸ್, ಫಿಕ್ಸೆಡ್ ಅಂದ್ರ ಒಂದ ಅಳತಿಗೆ ನಿಂತ ಲೆನ್ಸ್; ಎಂಎಂ ಜಾಸ್ತಿ ಆದಷ್ಟು ದೂರದ್ದು ಹತ್ರ ಕಾಣ್ತೈತಿ. ನನ್ನ ಹತ್ರ ನಿಕಾನ್ ಎಫ್‌ಎಂ2 ಐತಿ, ಅದರ ಜೋಡಿ ಒಂದು ಫಿಕ್ಸೆಡ್ 50 ಎಂಎಂ ಎಫ್/1.8, ಮತ್ತ 35-70ರ ಜೂಮ್, ಅದರ ಅಪರ್ಚರ್ (ಬೆಳಕು ಒಳಗ ಬಿಡೋ ಕಿಂಡಿ, ಎಫ್ ನಂಬರ್ ಸಣ್ಣದಾದಷ್ಟು ಕಿಂಡಿ ದೊಡ್ಡದು) 3.3ರಿಂದ 4.5. ಎರಡನ್ನೂ ಲಕ್ಕುಂಡಿಗೆ ಒಯ್ದು ತಗದು ನೋಡೀನಿ, ನನ್ನ ಮಾತು ಇಷ್ಟ, ಗುಡಿ ಒಳಗ ತಗಿಯವ್ರು ನೀವಾದ್ರ ಮೊದಲ 50 ತಗೋರಿ.

ಯಾಕಂದ್ರ ಕಾಶಿವಿಶ್ವೇಶ್ವರ ಗುಡಿ ಒಳಗ ಕಾಲಿಟ್ರ ಬೆಳಕು ಅನ್ನೂದು ಬಾಗಲದಿಂದ ಬಂದಷ್ಟ. ಐಎಸ್ಓ (ಬೆಳಕು ಹಿಡಿಯೋ ಶಕ್ತಿ) 400ರ ಫಿಲ್ಮ್ ಹಾಕಿ 50ರ ಅಪರ್ಚರ್ ಪೂರಾ ತಗದಾಗ ಕ್ಯಾಮೆರಾದ ಬೆಳಕಿನ ಮೀಟರ್ ಶಟರ್ 1/60 ಸೆಕೆಂಡ್ ತೋರಿಸಿದ ಜಾಗಾದಾಗ, ಜೂಮ್ ಹಾಕಿ 70ಕ್ಕ ಒಯ್ದ್ರ ಕಿಂಡಿ 4.5ಕ್ಕ ಸಣ್ಣದಾಗಿ 1/8ಕ್ಕ ಇಳಿಸಬೇಕಾಗ್ತೈತಿ, 1/8ರಾಗ 70 ಎಂಎಂ ಕೈಯಾಗ ಹಿಡದು ತಗದ್ರ ಶೇಕ್ ಆಗೂದ ಗ್ಯಾರಂಟಿ. ಡಿಜಿಟಲ್ ಇದ್ದವ್ರು ಐಎಸ್ಓ ಏರಿಸ್ತಾರ, ನಮಗ ರೋಲಿನ ಆ 36 ಫೋಟೋ ಮುಗಿಯೂತನಕ 400 ಅಂದ್ರ 400.

ಫೋಕಸ್ಸಿಂದೂ ಹಂಗ. ಆ ಕಂಬ ನೋಡೀರಲ್ಲ, ಚರಕಿಗೆ ಹಾಕಿ ತಿರುಗಿಸಿದಂಗ ಒಂದರ ಮ್ಯಾಲ ಒಂದು ನುಣ್ಣನ ಬಳಿ, ಎಲ್ಲಾ ಗೆರಿ ಅಡ್ಡ. ಎಫ್‌ಎಂ2ದಾಗ ಕಣ್ಣಿಟ್ಟು ನೋಡೋ ಫೈಂಡರ್ ನಡುವ ಸ್ಪ್ಲಿಟ್ ಐತಿ, ಚಿತ್ರ ಎರಡು ತುಂಡಾಗಿ ಕಾಣ್ತೈತಿ, ತುಂಡು ಹೊಂದಿದ್ರ ಫೋಕಸ್ ಆತು ಅಂತ; ಅದು ಸೀಳಿರೋದೂ ಅಡ್ಡಕ್ಕನ, ಅಡ್ಡ ಗೆರಿ ಅದರಾಗ ಹೊಂದೂದು ಗೊತ್ತ ಆಗೂದಿಲ್ಲ, ಅದಕ್ಕ ಕ್ಯಾಮೆರಾ ಉದ್ದಕ್ಕ ತಿರುಗಿಸಿ ಫೋಕಸ್ ಮಾಡ್ಕೊಂಡು ಆಮ್ಯಾಲೆ ಫ್ರೇಮ್ ಕಟ್ತೀನಿ. 50ರಾಗ ಆ ಎರಡು ತುಂಡು ಸ್ವಚ್ಛ ಕಾಣ್ತಾವ. ಜೂಮಿನ್ಯಾಗ ಮೊದಲ ಫೈಂಡರ್ ಮಬ್ಬು, ಕಣ್ಣು ಸ್ವಲ್ಪ ಸರದ್ರ ಸ್ಪ್ಲಿಟ್ಟಿನ ಒಂದು ಕಡೆ ಕರ್ರಗಾಗಿಬಿಡ್ತೈತಿ. ಬಾಗಲದ ಬೆಳಕು ಫ್ರೇಮಿನ್ಯಾಗ ಬಂತಂದ್ರ ಇನ್ನೂ ತ್ರಾಸ, ಜೂಮಿನ್ಯಾಗ ಗಾಜು ಜಾಸ್ತಿ, ಬೆಳಕು ಒಳಗ ಬಡದಾಡಿ ಕಪ್ಪು ಇರಬೇಕಾದಲ್ಲೆ ಬೂದಿ ಬಣ್ಣ ಬರ್ತೈತಿ.

ಆದ್ರ ಜೂಮ್ ಬ್ಯಾಡ ಅನ್ನೂದಿಲ್ಲ ನಾನು. ಮಾಣಿಕೇಶ್ವರ ಗುಡಿ ಮುಂದಿನ ಮುಸುಕಿನ ಬಾವಿ ಮೆಟ್ಟಲ ಮ್ಯಾಲ ನಿಂತ್ರ ಹಿಂದ ಸರೀಲಿಕ್ಕೆ ಜಾಗಾ ಇಲ್ಲ, ಮುಂದ ಹೋದ್ರ ನೀರು. ನಿಂತಲ್ಲೇ 35ಕ್ಕ ತಿರುಗಿಸಿ ಪೂರಾ ಬಾವಿ, 70ಕ್ಕ ಒಯ್ದು ಎದರಿನ ಸಣ್ಣ ಗೂಡು, ಎರಡೂ ನೆಗೆಟಿವ್ ತುಂಬ ಬರ್ತಾವ. ಅದನ್ನ 50ರಾಗ ತಗದು ಆಮ್ಯಾಲೆ ಕ್ರಾಪ್ ಮಾಡಿದ್ರ 24×36 ಎಂಎಂನ ನೆಗೆಟಿವ್‌ನ್ಯಾಗ ಗ್ರೇನ್ (ಫಿಲ್ಮಿನ ಕಾಳು ಕಾಳು) ಎದ್ದು ಕಾಣ್ತೈತಿ. ಬಿಸಿಲಾಗ ಎಫ್/8 ಇಟ್ರ 8×10 ಇಂಚಿನ ಪ್ರಿಂಟಿನ್ಯಾಗ ಯಾವ ಲೆನ್ಸ್ ಅಂತ ನನಗಂತೂ ಗೊತ್ತಾಗೂದಿಲ್ಲ, 35ರ ಕಡೆ ಅಂಚಿನ ಕಂಬ ಸ್ವಲ್ಪ ಬಾಗಿದ್ದು ಬಿಟ್ರ.

ಹಳೇ ಜೂಮ್ ತಗೊಳ್ಳೂವಾಗ ಮೊಬೈಲ್ ಟಾರ್ಚ್ ಹಿಂದಿನಿಂದ ಬಿಟ್ಟು ಮುಂದಿನಿಂದ ನೋಡ್ರಿ, ಆಮ್ಯಾಲೆ ತಿರುವಿ ಹಿಡದು ನೋಡ್ರಿ. ಧಾರವಾಡದ ಮಳಿಗಾಲಕ್ಕ ಒಳಗಿನ ಗಾಜಿಗೆ ಫಂಗಸ್ ಬೇಗ ಹಿಡೀತೈತಿ, 50 ಆದ್ರ ಬಿಚ್ಚಿ ಒರಸಿ ಕೊಡೋ ರಿಪೇರಿಯವ್ರು ಸಿಗ್ತಾರ, ಜೂಮ್ ಅಂದ್ರ ಬಿಚ್ಚಾಕ ಯಾರೂ ಲಗೂನ ಒಪ್ಪೂದಿಲ್ಲ.